ಮೂರನೆಯ ಕೂಗಿನ ನಂತರ

ನಮ್ಮೂರಿನಲ್ಲಿ ಆರಕ್ಕೂ ಎಂಟಕ್ಕೂ ನಡುವೆ ಇರುವ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅದಕ್ಕೆ ನಾವು ‘ಮತ್ತೆ’ ಅನ್ನುತ್ತೇವೆ. ಐದು, ಆರು, ಮತ್ತೆ, ಎಂಟು. ಹದಿನಾರಾದ ಮೇಲೆ ಹದಿಮತ್ತೆ, ಇಪ್ಪತ್ತಾರಾದ ಮೇಲೆ ಇಪ್ಪತ್ಮತ್ತೆ. ಯಾರಾದರೂ ಮೈಮರೆತು ‘ಏಳು’ ಅಂದರೆ ಸಾಕು, ಕೇಳಿಸಿಕೊಂಡವರೆಲ್ಲ ಎದ್ದು ನಿಲ್ಲುತ್ತಾರೆ. ಊಟಕ್ಕೆ ಕೂತವರು ಕೈ ಬಾಯಿಗೆ ಹೋಗುವ ಮೊದಲೇ ಏಳುತ್ತಾರೆ, ಜ್ವರದಲ್ಲಿ ಮಲಗಿದವರು ಕಂಬಳಿ ಸಮೇತ ಏಳುತ್ತಾರೆ, ಕ್ಷೌರಕ್ಕೆ ಕೂತವರು ಅರ್ಧ ಗಡ್ಡದಲ್ಲಿ ಏಳುತ್ತಾರೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತಿರಲೇಬೇಕು, ಆಮೇಲೆ ಬೇಕಾದರೆ ಕೂರಬಹುದು. ಹೇಳಿದವರ ಮೇಲೆ ಮಾತ್ರ ಅದು ನಡೆಯುವುದಿಲ್ಲ. ರೇಡಿಯೋದವರು, ಟೀವಿಯವರು ಎಷ್ಟು ಸಲ ಅಂದರೂ ಏನೂ ಆಗುವುದಿಲ್ಲ, ಎದುರಿಗಿರುವ ಮನುಷ್ಯರ ಗಂಟಲಿನಿಂದಲೇ ಬರಬೇಕು. ಬರೆಯುವುದಕ್ಕೂ ತೊಂದರೆಯಿಲ್ಲ. ಆದರೆ ನೀವು ಇದನ್ನು ಜೋರಾಗಿ ಓದಿ ಮನೆಮಂದಿಯನ್ನೆಲ್ಲ ಎಬ್ಬಿಸಿದರೆ ನಾನು ಹೊಣೆಯಲ್ಲ.

‘ಏಳಿ’ ಅಂದರೆ ನಡೆಯುವುದಿಲ್ಲ, ‘ಏಳ್ರೀ’ ಅಂದರೂ ನಡೆಯುವುದಿಲ್ಲ. ಮರ್ಯಾದೆ ಸೇರಿದ ಕೂಡಲೇ ಆ ಮಾತಿನ ಕಸುವು ಹೋಗಿಬಿಡುತ್ತದೆ. ಹಾಗಾಗಿ ಹಿರಿಯರು ಬಿದ್ದರೆ ನಮಗೆ ಫಜೀತಿ. ಎಬ್ಬಿಸಬೇಕು, ಆದರೆ ಮಾವನನ್ನೋ ಮೇಷ್ಟರನ್ನೋ ಕಟ್ಟಿಕೊಂಡ ಗಂಡನನ್ನೋ ಏಕವಚನದಲ್ಲಿ ಕೂಗುವುದಕ್ಕೆ ನಾಲಿಗೆ ಹೊರಳುವುದಿಲ್ಲ. ಅದಕ್ಕಾಗಿ ಊರಿಗೊಬ್ಬಳು ಕೂಗಮ್ಮ ಇರುತ್ತಾಳೆ. ಯಾರು ಎಲ್ಲಿ ಬಿದ್ದರೂ ಅವಳಿಗೆ ಹೇಳಿಕಳಿಸುತ್ತಾರೆ, ಅವಳು ಹೋಗಿ ತಲೆಯ ಹತ್ತಿರ ನಿಂತು ಕೂಗುತ್ತಾಳೆ. ನಮ್ಮತ್ತೆ ಕೂಗಮ್ಮ ಆಗಿದ್ದರು. ಅವರ ಕಾಲವಾದ ಮೇಲೆ ಆ ಕೆಲಸ ನನಗೆ ಬಂತು. ನನ್ನ ಹೆಸರು ದ್ಯಾವಮ್ಮ, ಆದರೆ ಅದು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಕೂಗುವುದು ಮೂರು ಸಲ. ಎದ್ದರೆ ಸರಿ, ಎಲ್ಲರೂ ದೊಡ್ಡ ಉಸಿರು ಬಿಟ್ಟು ಮನೆಗೆ ಹೋಗುತ್ತಾರೆ. ತೆಂಗಿನ ಮರದಿಂದ ಬಿದ್ದ ಚಿಕ್ಕೀರ ಒಂದೇ ಕೂಗಿಗೆ ಎದ್ದು ಮೂರು ಹೆಜ್ಜೆ ನಡೆದದ್ದನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ಮೆರೆದೆವು. ಆ ಮೂರು ಹೆಜ್ಜೆಯಲ್ಲಿ ಅವನ ಮುರಿದ ಮೂಳೆ ಇನ್ನಷ್ಟು ಸರಿದು, ಇವತ್ತಿಗೂ ಅವನು ಕೋಲು ಬಿಟ್ಟು ನಡೆಯಲಾರ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ತಲೆ ಸುತ್ತಿ ಬಿದ್ದವರೂ ಎದ್ದು ನಿಲ್ಲುತ್ತಿದ್ದರು, ನಿಂತು ಇನ್ನೊಂದು ಸಲ ಬೀಳುತ್ತಿದ್ದರು. ಮೂರು ಸಲ ಕೂಗಿದರೂ ಏಳದಿದ್ದರೆ ನಾನು ಅವರ ಮುಖದ ಮೇಲೆ ಬಟ್ಟೆ ಎಳೆದು ಹಿಂದಕ್ಕೆ ಸರಿಯಬೇಕು. ಮನೆಯವರು ತಲೆಗೆ ನೀರು ಹಾಕಿಕೊಂಡು ಬರುವ ತನಕ ಆ ಮೈಯನ್ನು ಯಾರೂ ಮುಟ್ಟುವ ಹಾಗಿಲ್ಲ. ಹದಿನೆಂಟು ವರ್ಷದಲ್ಲಿ ಎಷ್ಟು ಮುಖ ಮುಚ್ಚಿದ್ದೇನೆ ಅನ್ನುವುದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಒಂದನ್ನು ಮಾತ್ರ ಹೇಳಬೇಕು. ನಮ್ಮ ಎದುರು ಮನೆಯ ಹಾಲಮ್ಮನ ಗಂಡ ಕರಿಬಸಪ್ಪ. ಊರಿಗೆಲ್ಲ ಅಂಚೆ ಹಂಚುತ್ತಿದ್ದ ಮನುಷ್ಯ, ನಲವತ್ತೆರಡು ತುಂಬಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತುತ್ತಾ ಕುಸಿದ. ನಾನು ಓಡಿಹೋಗಿ ಮೂರು ಸಲ ಕೂಗಿದೆ. ಸುತ್ತ ಕೂತಿದ್ದವರೆಲ್ಲ ಎದ್ದರು, ಅವನು ಏಳಲಿಲ್ಲ. ಅವನ ಹೆಗಲ ಮೇಲಿದ್ದ ಟವೆಲನ್ನೇ ಮುಖಕ್ಕೆ ಎಳೆದೆ. ಹಾಲಮ್ಮ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವತ್ತು ನನ್ನ ತೋಳು ಹಿಡಿದುಕೊಂಡು, “ಅಕ್ಕ, ನೀನು ಕೂಗಿದ್ಮೇಲೂ ಏಳ್ಲಿಲ್ಲ ಅಂದ್ರೆ ಇನ್ನೇನಿರ್ತೈತೆ ಬಿಡು” ಅಂತ ಅವಳೇ ನನಗೆ ಸಮಾಧಾನ ಹೇಳಿದ್ದಳು. ಆಮೇಲೂ ಅವಳ ಮನೆಯಲ್ಲಿ ಏನು ಮಾಡಿದರೂ ಒಂದು ಬಟ್ಟಲು ನಮ್ಮ ಮನೆಗೆ ಬರುತ್ತಿತ್ತು.

ಹೀಗಿರುವಾಗ ನಮ್ಮ ಆರೋಗ್ಯ ಕೇಂದ್ರಕ್ಕೆ ಜುಲೇಖಾ ಸಿಸ್ಟರ್ ಅಂತ ಹೊಸಬರು ಬಂದರು. ಬಂದ ಎರಡನೇ ವಾರಕ್ಕೇ, ಬಿದ್ದವರಿಗೆ ಮೊದಲು ಏನು ಮಾಡಬೇಕು ಅಂತ ಕಲಿಸುತ್ತೇನೆ, ಮನೆಗೊಬ್ಬರಾದರೂ ಶಾಲೆಯ ಹಾಲಿಗೆ ಬನ್ನಿ ಅಂತ ಹೇಳಿಕಳಿಸಿದರು. ನನಗೆ ಸಿಟ್ಟು ಬಂತು. ಬಿದ್ದವರ ವಿಚಾರ ನನ್ನದು, ಈಕೆ ಯಾರು ಕಲಿಸುವುದಕ್ಕೆ ಅಂತ ಗೊಣಗಿಕೊಂಡೇ ಹೋಗಿ ಮೊದಲ ಸಾಲಿನಲ್ಲಿ ಕೂತೆ. ಹಾಲಮ್ಮ ನನ್ನ ಪಕ್ಕದಲ್ಲಿದ್ದಳು. ಸಿಸ್ಟರ್ ಮೇಜಿನ ಮೇಲೆ ಒಂದು ಬೊಂಬೆ ಮಲಗಿಸಿದರು. ಸೊಂಟದಿಂದ ಮೇಲಕ್ಕೆ ಮಾತ್ರ ಇದ್ದ ಬೊಂಬೆ, ಕೈಯೂ ಇಲ್ಲ ಕಾಲೂ ಇಲ್ಲ.

“ಇವರು ರಸ್ತೇಲಿ ಬಿದ್ದಿದಾರೆ ಅಂದ್ಕೊಳ್ಳಿ. ಮೊದಲು ಏನ್ಮಾಡ್ತೀರಿ, ಯಾರಾದ್ರೂ ಬಂದು ತೋರಿಸಿ” ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗು ಸಿಕ್ಕಿಸಿ, ಬೊಂಬೆಯ ತಲೆಯ ಹತ್ತಿರ ನಿಂತು, ಗಂಟಲು ಸರಿಮಾಡಿಕೊಂಡು, “ಏಳು” ಅಂದೆ. ಹಾಲಿನಲ್ಲಿದ್ದ ಅರವತ್ತು ಜನವೂ ಎದ್ದರು. ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ ಸಿಸ್ಟರ್ ಕೂಡ ಎದ್ದರು, ರಿಜಿಸ್ಟರು ಕೆಳಗೆ ಬಿತ್ತು. ಯಾಕೆ ಎದ್ದೆ ಅಂತ ಅವರಿಗೇ ತಿಳಿಯಲಿಲ್ಲ ಪಾಪ. ಜನ ಕೂತರು, ನಾನು ಎರಡನೆಯ ಸಲ ಕೂಗಿದೆ, ಮತ್ತೆ ಎದ್ದರು. ಮೂರನೆಯದಕ್ಕೂ ಬೊಂಬೆ ಅಲ್ಲಾಡಲಿಲ್ಲ. ನಾನು ಮೇಜಿನ ಬಟ್ಟೆಯ ಅಂಚನ್ನು ಅದರ ಮುಖದ ಮೇಲೆ ಎಳೆದು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಜನ ತಲೆ ತಗ್ಗಿಸಿ ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಮುದುಕಿ ಮೂಗು ಒರೆಸಿಕೊಂಡದ್ದೂ ಕೇಳಿಸಿತು.

“ಮುಖ ಯಾಕಮ್ಮ ಮುಚ್ಚಿದ್ರಿ?” ಅಂದರು ಸಿಸ್ಟರ್.

“ಮೂರು ಸಲ ಆಯ್ತಲ್ಲ. ಎದ್ದಿಲ್ಲ. ಇನ್ನು ಮುಗೀತು.”

ಸಿಸ್ಟರ್ ಆ ಬಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಅಮ್ಮಾ, ನಾನು ಕಲಿಸ್ಬೇಕಾಗಿರೋದು ಇಲ್ಲಿಂದ್ಲೇ ಶುರು” ಅಂದರು.

ಅವರು ಹೇಳಿದ್ದು ಇಷ್ಟು. ಕೂಗಿದರೂ ಅಲ್ಲಾಡುವುದಿಲ್ಲ, ಉಸಿರೂ ಸರಿಯಾಗಿ ಆಡುತ್ತಿಲ್ಲ ಅಂದರೆ ಗುಂಡಿಗೆ ನಿಂತಿರಬಹುದು. ನಿಂತ ಕೂಡಲೇ ಮನುಷ್ಯ ಹೋದ ಹಾಗಲ್ಲ. ಕೆಲವು ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ಒಬ್ಬರು ಆಂಬ್ಯುಲೆನ್ಸಿಗೆ ಫೋನ್ ಮಾಡಬೇಕು, ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಅಂಗೈಯ ಬುಡ ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಎರಡು ಇಂಚು ಇಳಿಯುವ ಹಾಗೆ ಒತ್ತಬೇಕು. ಒತ್ತಿ, ಪೂರ್ತಿ ಬಿಡಬೇಕು. ನಿಮಿಷಕ್ಕೆ ನೂರಕ್ಕಿಂತ ಕಡಿಮೆಯಾಗಬಾರದು, ನೂರಿಪ್ಪತ್ತು ದಾಟಬಾರದು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬಾರದು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು, ಯಾಕೆಂದರೆ ಎಂಥ ಗಟ್ಟಿಗರಿಗೂ ಅಷ್ಟರಲ್ಲಿ ತೋಳು ಸೋಲುತ್ತದೆ. ಮೀನಿನ ಹಾಗೆ ಬಾಯಿ ಬಿಡುತ್ತಾ ಗೊರಗೊರ ಅನ್ನುವುದು ಉಸಿರಾಟವಲ್ಲ, ಅದನ್ನು ನೋಡಿ ಮೋಸಹೋಗಬಾರದು. ಮೂಳೆ ಮುರಿದವರನ್ನು ಎಬ್ಬಿಸಲೇಬಾರದು ಅಂತ ಅವರು ಅಂದಾಗ ಚಿಕ್ಕೀರ ತನ್ನ ಕೋಲನ್ನು ನೋಡಿಕೊಂಡ. ನಾನು ಗೋಡೆ ನೋಡಿದೆ.

ಎಣಿಸುತ್ತಾ ಒತ್ತುವುದನ್ನು ತೋರಿಸಿಕೊಡುವಾಗ ಇನ್ನೊಂದು ರಾದ್ಧಾಂತವಾಯಿತು. ಬೊಂಬೆಯನ್ನು ನೆಲಕ್ಕೆ ಇಳಿಸಿ, ಸುತ್ತ ಮಂಡಿಯೂರಿದ್ದ ನಮಗೆ ಸಿಸ್ಟರ್ ಜೋರಾಗಿ ಎಣಿಸಿಕೊಟ್ಟರು. ಆರು ಆದ ಮೇಲೆ ಅವರ ಊರಿನ ಅಭ್ಯಾಸದಂತೆ ಹೇಳಿಯೇಬಿಟ್ಟರು. ಒತ್ತುತ್ತಿದ್ದವಳು ಅಷ್ಟಕ್ಕೇ ಬಿಟ್ಟು ನೆಟ್ಟಗೆ ನಿಂತಳು, ನಾವೂ ನಿಂತೆವು. ಹದಿಮತ್ತೆಗೂ ಹಾಗೇ ಆಯಿತು. ಮೂವತ್ತು ಮುಟ್ಟುವುದರಲ್ಲಿ ಮೂರು ಸಲ ಎದ್ದು ಕೂತು ನಮ್ಮ ಮಂಡಿಚಿಪ್ಪು ನೋಯತೊಡಗಿತು. ಕೊನೆಗೆ ಹಾಲಮ್ಮನೇ ಅವರಿಗೆ ನಮ್ಮ ಎಣಿಕೆ ಕಲಿಸಿದಳು. ಸಿಸ್ಟರ್ ನಕ್ಕು, “ನಿಮ್ದೇ ಚೆನ್ನಾಗಿದೆ, ಇನ್ಮೇಲೆ ನಂಗೂ ಮತ್ತೆನೇ” ಅಂದರು. ಎಲ್ಲರೂ ನಕ್ಕೆವು.

ಆ ನಗು ನಿಂತ ಮೇಲೆ ಹಾಲಮ್ಮ ಕೈಯೆತ್ತಿದಳು. “ಸಿಸ್ಟರ್, ನಮ್ಮೆಜಮಾನ್ರು ನಲ್ಲಿ ಹತ್ರ ಬಿದ್ರು. ಕೂಗಿದ್ರೆ ಏಳ್ಲಿಲ್ಲ. ಆವಾಗ ಹಿಂಗೆ ಒತ್ತಿದ್ದಿದ್ರೆ?”

ಸಿಸ್ಟರ್ ಅವಳ ಪಕ್ಕಕ್ಕೆ ಬಂದು ಕೂತರು. “ಎಲ್ರೂ ಬದುಕಲ್ಲಮ್ಮ. ಒತ್ತಿದ್ರೂ ಬಹಳ ಜನ ಹೋಗ್ತಾರೆ. ಆದ್ರೆ ಒತ್ತದೇ ಇದ್ರೆ ಯಾರೂ ಉಳಿಯಲ್ಲ” ಅಂದರು.

ಹಾಲಮ್ಮ ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಕ್ಲಾಸು ಮುಗಿದು ಹೊರಗೆ ಬಂದಾಗ ನನ್ನ ಚಪ್ಪಲಿ ಅವಳ ಚಪ್ಪಲಿಯ ಪಕ್ಕದಲ್ಲೇ ಇತ್ತು. ಅವಳು ದಾರಿ ಬಿಟ್ಟು, “ನೀವು ಹೋಗಿ” ಅಂದಳು. ಇಪ್ಪತ್ತು ವರ್ಷದಿಂದ ಅಕ್ಕ, ನೀನು ಅಂತಿದ್ದವಳು. ಆ ‘ನೀವು’ ನನ್ನ ಎದೆಗೆ ನಾಟಿತು. ಅವತ್ತಿನಿಂದ ಬಟ್ಟಲು ಬರುವುದೂ ನಿಂತಿತು. ನಾನು ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಆದರೆ ಹೋಗಿ ಏನನ್ನಲಿ? ನಿನ್ನ ಗಂಡನನ್ನು ನಾನು ಬೇಗ ಮುಚ್ಚಿಬಿಟ್ಟೆ ಅನ್ನಲೇ? ಎರಡು ಸಲ ಅವಳ ಬಾಗಿಲ ತನಕ ಹೋಗಿ ಹಿಂದಿರುಗಿದೆ, ಮೂರನೆಯ ಸಲ ಹೊಸಿಲಿಳಿಯಲೂ ಇಲ್ಲ.

ರಾತ್ರಿ ನಿದ್ದೆ ಬಾರದೆ ಹೋದರೆ ಬೇರೆಯವರು ದೇವರ ನಾಮ ಹೇಳಿಕೊಳ್ಳುತ್ತಾರೆ. ನಾನು ಬೆಳಗಾದ ಮೇಲೆ ಹಾಸಿಗೆ ಸುತ್ತಿಟ್ಟು ಅದರ ಮೇಲೆ ಒತ್ತುತ್ತಿದ್ದೆ. ನಮ್ಮ ಯಜಮಾನರು ಹಿಟ್ಟಿನ ಗಿರಣಿ ಇಟ್ಟಿದ್ದರು. ಗಿರಣಿಗೆ ಹೊರಡುವ ಮೊದಲು ಬಾಗಿಲಿಗೆ ಒರಗಿ ನಿಂತು, “ಆ ಹಾಸ್ಗೆ ಬದುಕ್ಕೊಂಡ್ರೆ ನನ್ನ ಮೇಲೆ ಮಲಕ್ಕೊಳ್ಳುತ್ತೆ ಕಣೇ, ಬಿಡೇ” ಅಂತ ಚುಡಾಯಿಸುತ್ತಿದ್ದರು. ಅವರು ಚುಡಾಯಿಸುವುದೇ ನನಗೆ ಆಗ ದೊಡ್ಡ ಆಸರೆಯಾಗಿತ್ತು.

ಮೂರು ತಿಂಗಳಾಗಿರಬೇಕು. ಸಂತೆಯ ದಿನ, ಹೊತ್ತು ನೆತ್ತಿಗೆ ಬಂದಿತ್ತು. ಯಜಮಾನರ ಅಣ್ಣ, ನಮ್ಮ ಭಾವ, ಗಿರಣಿಯಲ್ಲಿ ಚೀಲ ಹೊಲಿದು ಕೊಡುತ್ತಿದ್ದವರು, ಮನೆ ಬಾಗಿಲಿಗೆ ಬಂದು ನಿಂತರು. ಮೂವತ್ತು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದವರಲ್ಲ, ಏನಿದ್ದರೂ ತಮ್ಮನ ಮೂಲಕವೇ. ಈಗಲೂ ಮಾತಾಡಲಿಲ್ಲ. ಗಿರಣಿಯ ಕಡೆ ಕೈ ತೋರಿಸಿದರು. ಕೂಗಮ್ಮನನ್ನು ಕರೆಯಲು ಬಂದವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ನಾನು ಬರಿಗಾಲಲ್ಲಿ ಓಡಿದೆ.

ಗಿರಣಿಯ ಬೆಲ್ಟು ಇನ್ನೂ ತಿರುಗುತ್ತಿತ್ತು. ಅದರ ಪಕ್ಕದಲ್ಲಿ ನಮ್ಮ ಯಜಮಾನರು ಒಂದು ಮಗ್ಗುಲಾಗಿ ಬಿದ್ದಿದ್ದರು, ತಲೆಯಿಂದ ಕಾಲಿನವರೆಗೆ ಹಿಟ್ಟು. ಮೊದಲು ಅಪಾಯ ನೋಡಿ ಅಂತ ಸಿಸ್ಟರ್ ಹೇಳಿದ್ದು ನೆನಪಾಗಿ ಸ್ವಿಚ್ಚು ಎಳೆದೆ. ಸದ್ದು ನಿಂತಿತು. ರಾಗಿ ಬೀಸಿಸಲು ಬಂದಿದ್ದ ಜನ ದೂರ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಯಜಮಾನರನ್ನು ನಾನು ಯಾವತ್ತೂ ಏಕವಚನದಲ್ಲಿ ಕರೆದವಳಲ್ಲ. ಭುಜ ಹಿಡಿದು ಅಲ್ಲಾಡಿಸಿ, “ಏಳು” ಅಂದೆ. ಕಾಳಿನ ಚೀಲದ ಮೇಲೆ ಕೂತಿದ್ದವರು ಎದ್ದರು. ಯಜಮಾನರು ಏಳಲಿಲ್ಲ. ಬಾಯಿ ಒಮ್ಮೆ ತೆರೆದು ಗೊರ್ ಅಂದಿತು.

“ಉಸ್ರು ಐತೆ, ಇನ್ನೆಲ್ಡು ಸಲ ಕೂಗು ಕೂಗಮ್ಮ” ಅಂತ ಯಾರೋ ಅಂದರು.

“ಅದು ಉಸ್ರಲ್ಲ. ಆಂಬ್ಯುಲೆನ್ಸಿಗೆ ಫೋನ್ ಮಾಡ್ರಿ, ಸಿಸ್ಟರ್ನ ಕರೀರಿ” ಅಂದೆ. ಅವರನ್ನು ಅಂಗಾತ ಮಾಡಿ, ಅಂಗಿ ಸರಿಸಿ, ಎದೆಯ ನಡುವೆ ಅಂಗೈ ಊರಿ ಒತ್ತತೊಡಗಿದೆ. ಎರಡನೆಯ ಕೂಗು ಕೂಗಲೇ ಇಲ್ಲ. ಜನ ಗುಜುಗುಜು ಅನ್ನತೊಡಗಿದರು. ಕೂಗಮ್ಮನೇ ಕಟ್ಟಳೆ ಮುರಿದರೆ ಹೇಗೆ ಅನ್ನುವುದು ಅವರ ದಿಗಿಲು. ಹತ್ತನೆಯದಕ್ಕೋ ಏನೋ ಅಂಗೈಯ ಕೆಳಗೆ ಏನೋ ಲಟಕ್ಕೆಂದಿತು. ಅಯ್ಯೋ ಅಂತ ಹೆಂಗಸರು ಕಣ್ಣು ಮುಚ್ಚಿಕೊಂಡರು. ನಾನು ಒತ್ತುತ್ತಲೇ ಇದ್ದೆ. ಹಾಸಿಗೆಗೂ ಮನುಷ್ಯನಿಗೂ ಎಷ್ಟು ವ್ಯತ್ಯಾಸ ಅಂತ ಆಗ ತಿಳಿಯಿತು.

ಭಾವ ಅಳುತ್ತಿದ್ದರು. ತಮ್ಮ ಹೋದನಲ್ಲ ಅನ್ನುವುದಕ್ಕಿಂತ, ಹೋದವನ ಎದೆ ಮುರಿಯುತ್ತಿದ್ದಾಳಲ್ಲ ಅನ್ನುವ ಸಂಕಟ ಅವರಿಗೆ. ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. “ಸಾಕು ತಾಯಿ. ಅವನನ್ನ ಹಿಂಸೆ ಮಾಡ್ಬೇಡ. ಏಳು.”

ನನ್ನ ಮಂಡಿ ತನ್ನಷ್ಟಕ್ಕೆ ಬಿಚ್ಚಿಕೊಂಡಿತು. ನಾನು ಎದ್ದು ನಿಂತೆ. ಕೈ ಇನ್ನೂ ಒತ್ತುವ ಹಾಗೇ ಇತ್ತು, ಕೆಳಗೆ ಎದೆ ಇರಲಿಲ್ಲ. ಒಂದು ಉಸಿರಿನ ಹೊತ್ತು ಅಂತ ಸುಲಭವಾಗಿ ಹೇಳಿಬಿಟ್ಟೆನಲ್ಲ, ಅವತ್ತು ಅದು ಎಷ್ಟು ಉದ್ದವಿತ್ತು ಅಂತ ನನಗೊಬ್ಬಳಿಗೇ ಗೊತ್ತು. ಕುಸಿದು ಕೂತು ಮತ್ತೆ ಒತ್ತಿದೆ. ಇಪ್ಪತ್ತು ಆಗುವುದರಲ್ಲಿ ಭಾವ ಕಣ್ಣೊರೆಸಿಕೊಂಡು ಮತ್ತೊಮ್ಮೆ ಅಂದರು. ಮತ್ತೊಮ್ಮೆ ಎದ್ದೆ. ತೋಳು ಸೋಲತೊಡಗಿತ್ತು. ಇನ್ನೊಬ್ಬರು ಬೇಕು ಅಂತ ಸುತ್ತ ನೋಡಿದೆ. ಕ್ಲಾಸಿಗೆ ಬಂದಿದ್ದವರೇ ಐದಾರು ಜನ ಅಲ್ಲಿದ್ದರು. ಎಲ್ಲರೂ ನೆಲ ನೋಡಿದರು. ಹೋದ ಮೈಯನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಆಗ ಜನರ ನಡುವಿನಿಂದ ಹಾಲಮ್ಮ ಬಂದಳು. ರಾಗಿಯ ಡಬ್ಬ ಕಂಕುಳಲ್ಲಿತ್ತು. ಅದನ್ನು ಕೆಳಗಿಟ್ಟು, ನೇರವಾಗಿ ಭಾವನವರ ಹತ್ತಿರ ಹೋಗಿ, ತನ್ನ ಅಂಗೈಯನ್ನು ಅವರ ಬಾಯಿಯ ಮೇಲೆ ಇಟ್ಟಳು. ಎಪ್ಪತ್ತು ವರ್ಷದ ಮನುಷ್ಯರ ಬಾಯಿಯನ್ನು ಪರರ ಮನೆ ಹೆಣ್ಣುಮಗಳು ಮುಚ್ಚಿದ್ದನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. “ಅಣ್ಣಾರೆ, ಆಮೇಲೆ ನಿಮ್ ಕಾಲಿಗೆ ಬೀಳ್ತೀನಿ. ಈಗ ಆ ಮಾತು ಇನ್ನೊಂದ್ಸಲ ಬಂದ್ರೆ ಈ ಹಿಟ್ಟೆಲ್ಲ ನಿಮ್ ಬಾಯಿಗೇ ತುರುಕ್ತೀನಿ” ಅಂದಳು. ದನಿ ಏರಿಸದೆಯೇ ಅಂದಳು. ಭಾವ ತಾವೇ ತಮ್ಮ ಹೆಗಲವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು.

ಅವಳು ನನ್ನ ಎದುರು ಮಂಡಿಯೂರಿದಳು. “ಅತ್ಲಾಗೆ ಸರಿ ಅಕ್ಕ, ನಿನ್ ಕೈ ಸೋತೈತೆ.”

ನಾನು ಎಣಿಸಿದೆ, ಅವಳು ಒತ್ತಿದಳು. ಅವಳು ಎಣಿಸಿದಳು, ನಾನು ಒತ್ತಿದೆ. ಆರು, ಮತ್ತೆ, ಎಂಟು. ಹಣೆಯ ಬೆವರು ಹಿಟ್ಟಿನ ಮೇಲೆ ಬಿದ್ದು ಅವರ ಎದೆಯೆಲ್ಲ ಕಣಕದ ಹಾಗೆ ಆಯಿತು. ನಡುವೆ ಸಿಸ್ಟರ್ ಓಡಿಬಂದು ಮೂರನೆಯವರಾಗಿ ಸೇರಿಕೊಂಡರು. ಆಮೇಲೆ ಚಿಕ್ಕೀರನ ಹೆಂಡತಿ ಬಂದಳು. ಆಂಬ್ಯುಲೆನ್ಸು ಬರಲು ಹದಿನಾರು ನಿಮಿಷ ಹಿಡಿಯಿತಂತೆ. ಅದರಲ್ಲಿ ಬಂದವರು ಎದೆಗೆ ಏನೋ ಅಂಟಿಸಿ, ಯಾರೂ ಮುಟ್ಟಬೇಡಿ ಅಂತ ಹೇಳಿ ಕರೆಂಟು ಕೊಟ್ಟರು. ಎರಡನೆಯ ಸಲ ಕೊಟ್ಟಾಗ ಸಿಸ್ಟರ್ ಕತ್ತಿನ ಹತ್ತಿರ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು, “ಬಂತು” ಅಂದರು. ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಅತ್ತೆ. ನಾಚಿಕೆಯಾಗಲಿಲ್ಲ.

ಯಜಮಾನರು ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದದ್ದು ಹದಿನೆಂಟನೆಯ ದಿನ. ಮೂರು ಪಕ್ಕೆಲುಬು ಬಿರುಕು ಬಿಟ್ಟಿತ್ತು, ಕೆಮ್ಮಿದರೆ ಜೀವ ಹೋಗುವ ನೋವು. “ಯಾವ ಎಮ್ಮೆ ಕುಣೀತೇ ನನ್ನೆದೆ ಮೇಲೆ?” ಅಂದರು. “ಎಲ್ಡು ಎಮ್ಮೆ” ಅಂದೆ. ನಗಲು ಹೋಗಿ ಎದೆ ಹಿಡಿದುಕೊಂಡರು. ಅವರನ್ನು ಮಂಚದ ಮೇಲೆ ಮಲಗಿಸಿ, ಭಾವನವರನ್ನು ಕಾವಲಿಗೆ ಕೂರಿಸಿ, ನಾನು ರಸ್ತೆ ದಾಟಿ ಹಾಲಮ್ಮನ ಮನೆಗೆ ಹೋದೆ. ಈ ಸಲ ಬಾಗಿಲಿನಿಂದ ಹಿಂದಿರುಗಲಿಲ್ಲ.

ಅವಳು ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತೆ. ಇಷ್ಟು ದಿನ ಜೋಡಿಸಿಕೊಂಡಿದ್ದ ಮಾತಿನಲ್ಲಿ “ನಂದು ತಪ್ಪಾಯ್ತು ಹಾಲಮ್ಮ” ಅನ್ನುವುದಷ್ಟೇ ಬಂತು.

ಅವಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ. “ನಿಮ್ಮೆಜಮಾನ್ರು ಮನೆಗೆ ಬಂದಿದ್ದು ನೋಡ್ದೆ. ಸಂತೋಷ ಆಯ್ತು. ಸುಳ್ಳು ಹೇಳಲ್ಲ ಅಕ್ಕ, ಹೊಟ್ಟೆ ಉರೀತು ಕೂಡ. ಒತ್ತುವಾಗ ನಂಗೆ ನಿಮ್ಮೆಜಮಾನ್ರ ಮುಖ ಕಾಣ್ಲಿಲ್ಲ. ನಮ್ಮೋರದೇ ಕಾಣ್ತಿತ್ತು.”

ಅವಳು ಮೊರವನ್ನು ಪಕ್ಕಕ್ಕಿಟ್ಟಳು. “ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ನೀನು ಟವೆಲ್ ಎಳೆದಾಗ ಅವ್ರ ಮುಖ ಬೆಚ್ಚಗಿತ್ತಾ?”

ತಣ್ಣಗಿತ್ತು ಅಂತ ಹೇಳಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು, ನನಗೂ ಆಗುತ್ತಿತ್ತು. ಆ ಮಾತು ತುಟಿಯ ತನಕ ಬಂದೇ ಬಂದಿತ್ತು. ಆದರೆ ಮೊನ್ನೆ ಗಿರಣಿಯಲ್ಲಿ ನನ್ನೆದುರು ಮಂಡಿಯೂರಿದವಳಿಗೆ ನಾನು ಸುಳ್ಳು ಹೇಳಲಾರೆ.

“ಬೆಚ್ಚಗಿತ್ತು” ಅಂದೆ.

ಹಾಲಮ್ಮ ಮೊರವನ್ನು ಮತ್ತೆ ಎಳೆದುಕೊಂಡು ಒಂದು ಕಲ್ಲು ಆರಿಸಿ ಬಿಸಾಡಿದಳು. ಹೊರಗೆ ಯಾರೋ ಸೊಪ್ಪು ಮಾರಿಕೊಂಡು ಹೋದರು.

“ನಂಗೂ ಗೊತ್ತಿತ್ತು” ಅಂದಳು ಆಮೇಲೆ. “ಯಾರೂ ನೋಡ್ದೇ ಇದ್ದಾಗ ಕಾಲು ಮುಟ್ಟಿದ್ದೆ. ಬೆಚ್ಚಗೇ ಇತ್ತು. ನೀರು ಹಾಕ್ಕೊಳ್ದೆ ಮುಟ್ಬಾರದಿತ್ತಲ್ಲ ಅಂತ ಹೆದರ್ಕೊಂಡು ಕೈ ತಕ್ಕೊಂಡೆ.”